ಬೇಸಿಗೆಯ ಮನೆ, ಬೇಸಿಗೆಯ ಮೈ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಗೃಹಿಣಿಯರವೇ ಹೆಚ್ಚು. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮುಗ್ಗಲು ವಾಸನೆಯ ಕಾಟ. ಅರಸೀಕೆರೆ, ಕಡೂರು ಕಡೆಯವರಿಗೆ ಧೂಳು, ಗಡಸು ನೀರಿನ ಕಾಟ. ಒಂದೇ ಜಿಲ್ಲೆಯೊಳಗೆ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಹಾಗಾಗಿ ಪಕ್ಕದ ತಾಲ್ಲೂಕಿನವರ ಉಪಾಯ ನಿಮ್ಮ ಮನೆಗೆ ಒಗ್ಗದೇ ಹೋಗಬಹುದು. ಊರು ನೋಡಿಕೊಂಡೇ ಉತ್ತರ ಬರೆದಿದ್ದೇವೆ.

ಪ್ರಶ್ನೆ: ಮಳೆಗಾಲದಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆ, ಸ್ವೆಟರ್, ಕಂಬಳಿ ಎಲ್ಲಕ್ಕೂ ಮುಗ್ಗಲು ವಾಸನೆ ಹಿಡಿಯುತ್ತದೆ. ಈಗ ಬಿಸಿಲಿರುವಾಗಲೇ ಏನು ಮಾಡಬೇಕು?
ಗೃಹಿಣಿ, ಸಕಲೇಶಪುರ

ಉತ್ತರ: ಉಣ್ಣೆಗೆ ಬಿಸಿಲು ಬೇಕು, ರೇಷ್ಮೆಗೆ ಬೇಡ. ಎರಡನ್ನೂ ಒಟ್ಟಿಗೆ ಅಂಗಳಕ್ಕೆ ತರಬೇಡಿ.

ಸ್ವೆಟರ್, ಶಾಲು, ಕಂಬಳಿಗಳನ್ನು ಮೊದಲು ಒಗೆಯಿರಿ. ಉಣ್ಣೆ ತಿನ್ನುವ ಹುಳ ಮೊದಲು ಬಾಯಿ ಹಾಕುವುದು ಬೆವರು, ಊಟದ ಕಲೆ ಇರುವ ಜಾಗಕ್ಕೆ. ಕೊರಳ ಪಟ್ಟಿ, ಕಂಕುಳಲ್ಲೇ ತೂತು ಬೀಳುವುದು ಇದೇ ಕಾರಣಕ್ಕೆ. ಒಗೆದು ಒಣಗಿದ ಮೇಲೆ ಬೆಳಗಿನ ಬಿಸಿಲಿಗೆ ಒಂದೊಂದು ಮಗ್ಗುಲಿಗೆ ಎರಡು ಗಂಟೆ ಹಾಕಿ, ಚೆನ್ನಾಗಿ ಕೊಡವಿ. ಹೊಲಿಗೆಯ ಸಂದಿಗಳನ್ನು ಬ್ರಷ್‌ನಿಂದ ಉಜ್ಜಿ, ಮೊಟ್ಟೆಗಳಿರುವುದು ಅಲ್ಲಿಯೇ. ಆಮೇಲೆ ಮನೆಯೊಳಗೆ ಒಂದು ಗಂಟೆ ಹರವಿ, ಪೂರ್ತಿ ತಣ್ಣಗಾದ ಮೇಲೆ ಮಡಿಸಿ. ಹೆಚ್ಚಿನವರು ಬಿಸಿಯಾಗಿರುವಾಗಲೇ ಮಡಿಸಿ ಟ್ರಂಕಿಗೆ ಹಾಕುತ್ತಾರೆ. ಒಳಗಿನ ಬಿಸಿಗಾಳಿ ರಾತ್ರಿ ತಣ್ಣಗಾದಾಗ ತೇವವಾಗಿ ಬಟ್ಟೆಯ ಮೇಲೇ ಕೂರುತ್ತದೆ, ಒಣಗಿಸಿದ್ದೆಲ್ಲ ವ್ಯರ್ಥ.

ರೇಷ್ಮೆ ಸೀರೆಯನ್ನು ಗಾಳಿಯಾಡುವ ಕೋಣೆಯಲ್ಲಿ, ನೆರಳಲ್ಲೇ ಎರಡು ಮೂರು ಗಂಟೆ ಬಿಡಿಸಿ ಹಾಕಿದರೆ ಸಾಕು. ಮಡಿಸುವಾಗ ಹಳೆಯ ಗೆರೆ ಬಿಟ್ಟು ಬೇರೆ ಕಡೆ ಮಡಿಸಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಜರಿ ಅಲ್ಲಿಯೇ ತುಂಡಾಗುತ್ತದೆ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರ್ ಬೇಡ. ತೇವ ಒಳಗೇ ಉಳಿದು ಜರಿ ಕಪ್ಪಾಗುತ್ತದೆ. ಸೆಂಟನ್ನೂ ಜರಿಗೆ ತಾಗಿಸಬೇಡಿ.

ನುಸಿಗುಳಿಗೆ ಇಡುವುದಾದರೆ ತೆಳು ಬಟ್ಟೆಯಲ್ಲಿ ಕಟ್ಟಿ ಬಟ್ಟೆಗಳ ಮೇಲ್ಭಾಗದಲ್ಲಿಡಿ. ಅದರ ಆವಿ ಗಾಳಿಗಿಂತ ಭಾರ, ಕೆಳಕ್ಕೆ ಇಳಿಯುತ್ತದೆ. ಜೊತೆಗೆ ಕರ್ಪೂರ ಇಡಬೇಡಿ. ಎರಡೂ ಒಂದಕ್ಕೊಂದು ತಾಗಿದರೆ ಬೇಸಿಗೆಯ ಕಾವಿಗೇ ನೀರಾಗಿ ಸೀರೆಗೆ ಕಲೆ ಬೀಳುತ್ತದೆ. ಹಸುಗೂಸಿನ ಬಟ್ಟೆಗಳ ಹತ್ತಿರವಂತೂ ನುಸಿಗುಳಿಗೆ ಸುಳಿಯಲೇಬಾರದು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥವರಿಗೆ ಈ ಆವಿಯಿಂದ ಕೆಂಪು ರಕ್ತಕಣ ಒಡೆದು ಕಾಮಾಲೆ ಬರಬಹುದು.

ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಬೂಷ್ಟು ಹಿಡಿಯಲು ಶುರುವಾಗುವುದು ಗೋಡೆಗೆ ತಾಗಿದ ಹಿಂಬದಿಯಿಂದ. ಮರದ ಮೇಲಿನ ಬೂಷ್ಟನ್ನು ಒಣ ಬಟ್ಟೆಯಿಂದ ಕೊಡವಬೇಡಿ, ಮನೆಯೆಲ್ಲ ಹರಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಿಳಿ ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ದಿನವಿಡೀ ಒಣಗಿಸಿ.

ಪ್ರಶ್ನೆ: ಹೋದ ವರ್ಷ ತಂದ ಮಣ್ಣಿನ ಹೂಜಿಯಲ್ಲಿ ಈ ವರ್ಷ ನೀರು ತಣ್ಣಗಾಗುತ್ತಿಲ್ಲ. ಮೈಮೇಲೆ ಬೆಳ್ಳಗೆ ಏನೋ ಕಟ್ಟಿದೆ.
ಓದುಗರು, ಅರಸೀಕೆರೆ

ಉತ್ತರ: ನಿಮ್ಮದು ಬೋರ್‌ವೆಲ್ ನೀರಾಗಿರಬೇಕು. ಹೂಜಿಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ, ತಂಪಾಗುವುದು ಹಾಗೆ. ಗಡಸು ನೀರಿನ ಸುಣ್ಣ ಆ ರಂಧ್ರಗಳನ್ನು ಮುಚ್ಚಿಬಿಟ್ಟರೆ ಹೂಜಿ ಬರೀ ಪಾತ್ರೆ.

ನೀರು ಖಾಲಿ ಮಾಡಿ ಹೊರಮೈಯನ್ನು ತೆಂಗಿನ ನಾರಿನಿಂದ ಉಜ್ಜಿ. ಒಂದು ಪಾಲು ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಬೆಳ್ಳಗಿರುವ ಕಡೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ವಿನೆಗರ್ ಇಲ್ಲದಿದ್ದರೆ ನಿಂಬೆರಸ. ಆಮೇಲೆ ರಾತ್ರಿಯಿಡೀ ಬಕೆಟ್ ನೀರಲ್ಲಿ ಮುಳುಗಿಸಿಟ್ಟು ಒಂದು ದಿನ ಬಿಸಿಲಲ್ಲಿ ಒಣಗಿಸಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಮುಟ್ಟಿಸಲೇಬೇಡಿ. ಮಣ್ಣು ಅದನ್ನು ಹೀರಿಕೊಂಡು ಕುಡಿಯುವ ನೀರಿಗೆ ಬಿಡುತ್ತದೆ. ಇಷ್ಟಾದರೂ ಹೊರಮೈ ಒದ್ದೆಯಾಗದಿದ್ದರೆ ರಂಧ್ರಗಳು ಒಳಗಿನಿಂದಲೇ ಮುಚ್ಚಿವೆ ಎಂದರ್ಥ, ಹೊಸದು ತನ್ನಿ. ಬಣ್ಣ ಬಳಿದದ್ದು ಬೇಡ, ಬಣ್ಣವೂ ರಂಧ್ರ ಮುಚ್ಚುತ್ತದೆ.

ಇಡುವ ಜಾಗವೂ ಮುಖ್ಯ. ನೆರಳಿರುವ ಕಿಟಕಿಯ ಬಳಿ, ಒದ್ದೆ ಮರಳಿನ ತಟ್ಟೆಯ ಮೇಲಿಡಿ. ನಿಮ್ಮ ಕಡೆಯ ಒಣಗಾಳಿಗೆ ಹೂಜಿ ಹೇಳಿ ಮಾಡಿಸಿದ್ದು.

ಪ್ರಶ್ನೆ: ಬೆಳಿಗ್ಗೆ ಐದರಿಂದ ಹತ್ತರವರೆಗೆ ಒಲೆ ಮುಂದೆಯೇ ಇರುತ್ತೇನೆ. ಕತ್ತು, ಬೆನ್ನಿಗೆ ಬೆವರುಸಾಲೆ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಕಪ್ಪಾಗಿ ತುರಿಕೆ. ಮೆಡಿಕಲ್ ಶಾಪಿನ ಮುಲಾಮು ಹಚ್ಚಿದರೆ ನಾಲ್ಕು ದಿನ ಚೆನ್ನಾಗಿದ್ದು ಮತ್ತೆ ಜಾಸ್ತಿಯಾಗುತ್ತದೆ.
ಗೃಹಿಣಿ, ಹಾಸನ

ಉತ್ತರ: ಆ ಮುಲಾಮನ್ನು ಇವತ್ತೇ ನಿಲ್ಲಿಸಿ, ಟ್ಯೂಬ್ ಮಾತ್ರ ಎಸೆಯಬೇಡಿ. ಹಚ್ಚಿದ ಕೂಡಲೇ ತುರಿಕೆ ನಿಂತು ಬಿಟ್ಟ ಕೂಡಲೇ ಹೆಚ್ಚಾಗುತ್ತದೆಂದರೆ ಅದರಲ್ಲಿ ಸ್ಟೆರಾಯ್ಡ್ ಇರುವ ಸಂಭವ ಹೆಚ್ಚು. ತುರಿಕೆ ಹುಳುಕಡ್ಡಿಯದ್ದಾಗಿದ್ದರೆ ಸ್ಟೆರಾಯ್ಡ್ ಉರಿಯನ್ನಷ್ಟೇ ಅಡಗಿಸುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಅಂಚು ಕೆಂಪಗೆ ಉಂಗುರವಾಗಿ, ನಡುವೆ ಮಾಸಿದ ಹಾಗಿದ್ದರೆ ಹುಳುಕಡ್ಡಿ ಎಂದೇ ತಿಳಿದು ಚರ್ಮದ ವೈದ್ಯರ ಬಳಿ ಹೋಗಿ, ಟ್ಯೂಬ್ ತೋರಿಸಿ. ಹೇಳಿದಷ್ಟು ವಾರ ಔಷಧಿ ಬಿಡದೆ ಹಚ್ಚಿ. ಟವೆಲ್, ಒಳಬಟ್ಟೆ ಬೇರೆಯವರದರ ಜೊತೆ ಬೆರೆಸದೆ, ಬಿಸಿನೀರಲ್ಲಿ ಒಗೆದು ಬಿಸಿಲಲ್ಲೇ ಒಣಗಿಸಿ.

ಉಂಗುರವಿಲ್ಲದೆ ಬರೀ ಕಪ್ಪು ಗೆರೆಯಾಗಿದ್ದರೆ ಅದು ಲಾಡಿಯ ಉಜ್ಜುವಿಕೆಯಿಂದ ಆದದ್ದು. ತೆಳ್ಳನೆಯ ನೈಲಾನ್ ಲಾಡಿ ತೆಗೆದು ಎರಡು ಇಂಚು ಅಗಲದ ಹತ್ತಿ ಪಟ್ಟಿ ಹಾಕಿಸಿ. ದಿನಾ ಒಂದೇ ಜಾಗಕ್ಕೆ ಬಿಗಿಯಬೇಡಿ, ಒಂದು ದಿನ ಅರ್ಧ ಇಂಚು ಮೇಲೆ, ಒಂದು ದಿನ ಕೆಳಗೆ. ಮನೆಯಲ್ಲಿರುವಾಗ ಸಡಿಲ ನೈಟಿ ಹಾಕಿಕೊಂಡರೂ ಆಯಿತು. ಆ ಜಾಗದಲ್ಲಿ ಹುಣ್ಣಾಗಿ ಒಂದು ತಿಂಗಳಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು, ನಾಚಿಕೆ ಬೇಡ.

ಬೆವರುಸಾಲೆ ಏಳುವುದು ಬೆವರಿನ ನಾಳ ಮುಚ್ಚಿಕೊಂಡಾಗ. ಅದರ ಮೇಲೆ ಎಣ್ಣೆ, ದಪ್ಪ ಪೌಡರ್ ಬಳಿದರೆ ಇನ್ನಷ್ಟು ಮುಚ್ಚುತ್ತದೆ. ಒಲೆ ಆರಿಸಿದ ಕೂಡಲೇ ತಣ್ಣೀರು ಸ್ನಾನ ಮಾಡಿ, ಉಜ್ಜದೆ ಒತ್ತಿ ಒರೆಸಿ, ಹತ್ತು ನಿಮಿಷ ಫ್ಯಾನ್ ಕೆಳಗೆ ಕೂರಿ. ತುರಿಕೆ ತಡೆಯಲಾಗದಿದ್ದರೆ ಕ್ಯಾಲಮೈನ್ ಲೋಷನ್ ಹಚ್ಚಿ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಚಪಾತಿ ಲಟ್ಟಿಸುವುದು ಇವನ್ನೆಲ್ಲ ಹಾಲ್‌ನಲ್ಲಿ ಫ್ಯಾನ್ ಕೆಳಗೆ ಮುಗಿಸಿಕೊಂಡು ಒಲೆಯ ಕೆಲಸಕ್ಕೆ ಮಾತ್ರ ಅಡುಗೆಮನೆಗೆ ಹೋಗಿ. ಎಕ್ಸಾಸ್ಟ್ ಫ್ಯಾನ್ ಹಾಕುವಾಗ ಎದುರು ಬದಿಯ ಕಿಟಕಿ ತೆರೆದಿರಲಿ. ಹೊರಗಿನ ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಸದ್ದು ಮಾಡುತ್ತದೆ, ಶಾಖ ಹೋಗುವುದಿಲ್ಲ.

ಪ್ರಶ್ನೆ: ಬೇಸಿಗೆ ಬಂದರೆ ಉರಿಮೂತ್ರ. ಬಾರ್ಲಿ ನೀರು ಕುಡಿದರೆ ಸಾಕೇ?
ಓದುಗರು, ಹೊಳೆನರಸೀಪುರ

ಉತ್ತರ: ಎಲ್ಲರಿಗೂ ಬಡಿಸಿ ಮುಗಿಯುವವರೆಗೆ ನೀರೂ ಕುಡಿಯದೆ, ಮೂತ್ರಕ್ಕೂ ಹೋಗದೆ ಇರುವುದು ನಮ್ಮ ಮನೆಗಳ ದೊಡ್ಡ ತಪ್ಪು ಅಭ್ಯಾಸ. ಅಡುಗೆಮನೆಯಲ್ಲಿ ಒಂದು ಲೀಟರ್ ಬಾಟಲಿ ಇಟ್ಟುಕೊಂಡು ಹನ್ನೊಂದರೊಳಗೆ ಖಾಲಿ ಮಾಡಿ, ಸಂಜೆಯೊಳಗೆ ಇನ್ನೊಂದು. ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕಷ್ಟು ಕುಡಿದಿದ್ದೀರಿ. ಮಜ್ಜಿಗೆ, ಪಾನಕ, ಬಾರ್ಲಿ ನೀರು ಎಲ್ಲವೂ ಒಳ್ಳೆಯದೇ, ಆದರೆ ಸೋಂಕಾಗಿದ್ದರೆ ಅವು ಔಷಧಿಯಲ್ಲ. ಎರಡು ದಿನವಾದರೂ ಉರಿ ಇಳಿಯದಿದ್ದರೆ ಮೂತ್ರ ಪರೀಕ್ಷೆ ಮಾಡಿಸಿಯೇ ಮಾತ್ರೆ ತೆಗೆದುಕೊಳ್ಳಿ. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು ಅಥವಾ ಮೂತ್ರದಲ್ಲಿ ರಕ್ತ ಇದ್ದರೆ, ಗರ್ಭಿಣಿಯಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು ಎಂದು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಬೆವರಿ ಸುಸ್ತಾದಾಗ ಅಥವಾ ಭೇದಿಯಾದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಚಮಚದ ಅಂಚಿಗೆ ಸಮನಾಗಿ ಗೀರಿ ಅಳೆಯಿರಿ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ.

ಪ್ರಶ್ನೆ: ಸಂಪು, ಮೇಲಿನ ಟ್ಯಾಂಕ್ ನಾವೇ ತೊಳೆಯಬಹುದೇ? ಬ್ಲೀಚಿಂಗ್ ಪೌಡರ್ ಎಷ್ಟು?
ಓದುಗರು, ಚಿಕ್ಕಮಗಳೂರು

ಉತ್ತರ: ಟ್ಯಾಂಕ್ ತೊಳೆಯಬಹುದು. ಯಗಚಿ, ಹಿರೇಕೊಳಲೆ ಕೆರೆಯ ನೀರಿನ ಮಟ್ಟ ಇಳಿದಾಗ ನಲ್ಲಿಯಲ್ಲಿ ಕೆಸರು ಬರುವುದು ಹೆಚ್ಚು, ಅದೆಲ್ಲ ತಳದಲ್ಲಿ ಕೂತಿರುತ್ತದೆ. ಹಿಂದಿನ ದಿನವೇ ನೀರು ಖರ್ಚು ಮಾಡಿ ಅರ್ಧ ಅಡಿ ಉಳಿಸಿಕೊಳ್ಳಿ. ನೈಲಾನ್ ಬ್ರಷ್‌ನಿಂದ ಗೋಡೆ ಉಜ್ಜಿ, ಆ ಕೆಸರನ್ನು ಮನೆಯ ನಲ್ಲಿಗಳಿಗೆ ಬಿಡದೆ ಟ್ಯಾಂಕಿನ ತಳದ ಕಿಂಡಿಯಿಂದಲೋ ಮಗ್‌ನಿಂದಲೋ ಹೊರಗೆ ಹಾಕಿ. ಹತ್ತು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ಕೈಗವಸು ಹಾಕಿಕೊಂಡು ಒಳಗೋಡೆಗೆ ಬಳಿಯಿರಿ. ಅರ್ಧ ಗಂಟೆ ಬಿಟ್ಟು ಎರಡು ಸಲ ತೊಳೆಯಿರಿ.

ತುಂಬಿದ ಮೇಲೆ ಸಾವಿರ ಲೀಟರ್‌ಗೆ ಎರಡೂವರೆ ಗ್ರಾಂ, ಅಂದರೆ ಸುಮಾರು ಮುಕ್ಕಾಲು ಟೀ ಚಮಚ ಪೌಡರ್ ಸಾಕು. ಅದನ್ನು ಒಂದು ಮಗ್ ನೀರಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಒಂದು ಗಂಟೆ ಬಳಸಬೇಡಿ. ಬಾಯಿ ಬಿಚ್ಚಿಟ್ಟ ಪೊಟ್ಟಣದ ಪೌಡರ್ ಶಕ್ತಿ ಕಳೆದುಕೊಂಡಿರುತ್ತದೆ. ಮೂಗಿಗೆ ಘಾಟು ಬಡಿಯದಿದ್ದರೆ ಪ್ರಯೋಜನವಿಲ್ಲ. ಟಾಯ್ಲೆಟ್ ಆಸಿಡ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಹೊರಡುತ್ತದೆ.

ಸಂಪಿಗೆ ಮಾತ್ರ ಇಳಿಯಬೇಡಿ, ಕೆಲಸದವರನ್ನೂ ಒಂಟಿಯಾಗಿ ಇಳಿಸಬೇಡಿ. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಮೋಟಾರಿನ ವೈರ್ ಸುಲಿದಿದ್ದರೆ ಶಾಕ್ ಹೊಡೆಯುತ್ತದೆ. ಮೇನ್ ಸ್ವಿಚ್ ಆರಿಸಿ, ಮುಚ್ಚಳ ಗಂಟೆಗಟ್ಟಲೆ ತೆರೆದಿಟ್ಟು, ಮೇಲೊಬ್ಬರು ನಿಂತು ಮಾತಾಡಿಸುತ್ತಲೇ ಇರಬೇಕು. ಒಳಗಿದ್ದವರು ಕುಸಿದರೆ ಹಿಂದೆಯೇ ಹಾರಬೇಡಿ, ಅಗ್ನಿಶಾಮಕದವರಿಗೆ 112ಕ್ಕೆ ಕರೆ ಮಾಡಿ. ಕಾಪಾಡಲು ಇಳಿದವರೂ ಜೀವ ಕಳೆದುಕೊಳ್ಳುವುದು ಇಂಥ ಕಡೆಯೇ.

ಪ್ರಶ್ನೆ: ಹಲಸಿನ ಹಪ್ಪಳ, ಅರಳು ಸಂಡಿಗೆ ಹಾಕಿದ ದಿನವೇ ಮಧ್ಯಾಹ್ನ ಮಳೆ!
ಗೃಹಿಣಿ, ಮೂಡಿಗೆರೆ

ಉತ್ತರ: ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಕಡೆ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಹಾಗಾಗಿ ಏಳೂವರೆಯೊಳಗೆ ಹಾಕಿ, ಎರಡು ಗಂಟೆಗೆ ಒಳಗೆ ತನ್ನಿ. ಅರೆಬರೆ ಒಣಗಿದ್ದನ್ನು ಡಬ್ಬಿಗೆ ಹಾಕದೆ, ಒಂದರ ಮೇಲೊಂದು ಪೇರಿಸದೆ, ಹತ್ತಿ ಬಟ್ಟೆಯ ಮೇಲೆ ಹರವಿ ರಾತ್ರಿಯಿಡೀ ಫ್ಯಾನ್ ಹಾಕಿ. ಹಪ್ಪಳ ಮುರಿದಾಗ ಬಾಗದೆ ಟಕ್ಕೆನ್ನಬೇಕು. ಸಂಡಿಗೆಯನ್ನು ಕರಿದು ನೋಡಿ, ನಡುವೆ ಗಟ್ಟಿ ಉಳಿದರೆ ಇನ್ನೊಂದು ಬಿಸಿಲು ಬೇಕು. ಉಪ್ಪು ಒಂದು ಕೈ ಕಡಿಮೆಯೇ ಇರಲಿ. ಒಣಗಿದ ಮೇಲೆ ಉಪ್ಪು ಎದ್ದು ತೋರುತ್ತದೆ, ಮಳೆಗಾಲದಲ್ಲಿ ಅದೇ ತೇವ ಎಳೆಯುತ್ತದೆ.

ಪ್ರಶ್ನೆ: ಅಕ್ಕಿಗೆ ಹುಳ. ಬಿಸಿಲಿಗೆ ಹಾಕಲೇ, ಬೋರಿಕ್ ಪುಡಿ ಬೆರೆಸಲೇ?
ಓದುಗರು, ಕಡೂರು

ಉತ್ತರ: ಎರಡೂ ಬೇಡ. ಚುರುಗುಟ್ಟುವ ಬಿಸಿಲಿಗೆ ಅಕ್ಕಿ ಸೀಳಿ ಅನ್ನ ಮುದ್ದೆಯಾಗುತ್ತದೆ. ಬೋರಿಕ್ ಪುಡಿ ಹೊಟ್ಟೆಗೆ ಹೋಗುವಂಥದ್ದಲ್ಲ, ಎಷ್ಟು ತೊಳೆದರೂ ನಂಬಲಾಗದು. ನೆರಳಲ್ಲಿ ತೆಳ್ಳಗೆ ಹರವಿ, ಹುಳ ಹೊರಟ ಮೇಲೆ ಜರಡಿ ಹಿಡಿದು, ಒಣ ಡಬ್ಬಿಗೆ ತುಂಬಿ. ಸಣ್ಣ ಪ್ರಮಾಣದ ರವೆ, ಹಿಟ್ಟನ್ನು ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆಗಳೂ ಸಾಯುತ್ತವೆ. ರಾಗಿಕಾಳು ವರ್ಷಗಟ್ಟಲೆ ಇರುತ್ತದೆ. ಹಿಟ್ಟು ಮಾತ್ರ ಬೇಸಿಗೆಯಲ್ಲಿ ಬೇಗ ಕಮಟು ಹಿಡಿಯುತ್ತದೆ, ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ.

ಪ್ರಶ್ನೆ: ಸೀಲಿಂಗ್ ಫ್ಯಾನ್ ಒರೆಸಿದರೂ ಐದರಲ್ಲಿಟ್ಟರೂ ನಿಧಾನ.
ಓದುಗರು, ಬೇಲೂರು

ಉತ್ತರ: ಸಂಜೆ ಮಾತ್ರ ನಿಧಾನವಾಗಿ ಬೆಳಗಿನ ಜಾವ ಜೋರಾಗಿ ತಿರುಗಿದರೆ ಅದು ವೋಲ್ಟೇಜ್ ಕೊರತೆ. ದಿನವಿಡೀ ನಿಧಾನವೆಂದರೆ ಹೆಚ್ಚಾಗಿ ಕೆಪಾಸಿಟರ್ ಸೋತಿರುತ್ತದೆ. ಸಾಮಾನ್ಯ ಫ್ಯಾನ್‌ಗಳಿಗೆ ಎರಡೂವರೆ ಮೈಕ್ರೋಫ್ಯಾರಡ್‌ನದು, ಆದರೂ ಹಳೆಯದರ ಮೇಲೆ ಬರೆದದ್ದನ್ನೇ ನೋಡಿ ಅಷ್ಟರದ್ದೇ ತರಿಸಿ. ಹೆಚ್ಚಿನದು ಹಾಕಿಸಿದರೆ ಕಾಯಿಲ್ ಬಿಸಿಯಾಗಿ ಸುಡುತ್ತದೆ. ಈ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ನೀವು ರೆಕ್ಕೆ ಒರೆಸುವಾಗ ಹಳೆಯ ದಿಂಬಿನ ಕವರ್ ತೂರಿಸಿ ಹಿಂದಕ್ಕೆ ಎಳೆಯಿರಿ, ಧೂಳು ಹಾಸಿಗೆ ಮೇಲೆ ಉದುರುವುದಿಲ್ಲ. ಒದ್ದೆ ಬಟ್ಟೆಯನ್ನು ರೆಕ್ಕೆಗಷ್ಟೇ ಬಳಸಿ, ನಡುವಿನ ಮೋಟಾರಿಗೆ ಒಣ ಬಟ್ಟೆ.