ಓದುಗರ ಪ್ರಶ್ನೆ: ಚರ್ಚ್‌ಗೇಟ್‌ಗೆ ದೂರದ ರೈಲುಗಳು ಏಕೆ ಬರುವುದಿಲ್ಲ?

ಪ್ರಶ್ನೆ: ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಬೆಂಗಳೂರಿನ ರೈಲೂ ಬರುತ್ತದೆ, ಲೋಕಲ್ ರೈಲುಗಳೂ ಬರುತ್ತವೆ. ಅಲ್ಲಿಂದ ನಡೆದುಹೋಗುವಷ್ಟು ಹತ್ತಿರವಿರುವ ಚರ್ಚ್‌ಗೇಟ್‌ನಲ್ಲಿ ಮಾತ್ರ ಲೋಕಲ್ ಬಿಟ್ಟು ಬೇರೆ ಗಾಡಿಯೇ ಕಾಣಲಿಲ್ಲ. ಈ ನಿಲ್ದಾಣವನ್ನು ಮೊದಲಿನಿಂದಲೂ ಲೋಕಲ್‌ಗಾಗಿಯೇ ಕಟ್ಟಿದರೆ?
– ಧಾರವಾಡದ ಓದುಗರು

ಉತ್ತರ: ಇಲ್ಲ. ಚರ್ಚ್‌ಗೇಟ್ ಮೊದಲು ಕೊನೆಯ ನಿಲ್ದಾಣವೂ ಆಗಿರಲಿಲ್ಲ, ಲೋಕಲ್‌ಗಷ್ಟೇ ಮೀಸಲಾಗಿರಲೂ ಇಲ್ಲ. ಇಂದಿನ ಪಶ್ಚಿಮ ರೈಲ್ವೆಯ ಪೂರ್ವಜ ಸಂಸ್ಥೆಯಾದ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯು (ಜನ ಇದನ್ನು ಬಿ.ಬಿ. ಅಂಡ್ ಸಿ.ಐ. ಎನ್ನುತ್ತಿದ್ದರು) 1867ರ ಏಪ್ರಿಲ್ 12ರಂದು ವಿರಾರ್‌ನಿಂದ ಬ್ಯಾಕ್ ಬೇ ನಿಲ್ದಾಣಕ್ಕೆ ತನ್ನ ಮೊದಲ ಉಪನಗರ ಗಾಡಿಯನ್ನು ಓಡಿಸಿತು. ಆಗ ಇದ್ದದ್ದು ದಿನಕ್ಕೆ ಹೋಗಲೊಂದು, ಬರಲೊಂದು ಗಾಡಿ ಮಾತ್ರ. ಚರ್ಚ್‌ಗೇಟ್ ನಿಲ್ದಾಣ ತೆರೆದದ್ದು 1870ರಲ್ಲಿ. ಮುಂಬೈ ಕೋಟೆಯಲ್ಲಿ ಸೇಂಟ್ ಥಾಮಸ್ ಚರ್ಚಿನತ್ತ ಇದ್ದ ಕೋಟೆಬಾಗಿಲಿನಿಂದ ಅದಕ್ಕೆ ಆ ಹೆಸರು ಬಂತಾದರೂ, ಗವರ್ನರ್ ಬಾರ್ಟಲ್ ಫ್ರೇರ್‌ನ ಕಾಲದಲ್ಲಿ ಕೋಟೆಗೋಡೆಗಳನ್ನು ಕೆಡವಿಸಿದ್ದರಿಂದ ನಿಲ್ದಾಣ ತೆರೆಯುವ ಹೊತ್ತಿಗೆ ಆ ಬಾಗಿಲು ಉಳಿದಿರಲಿಲ್ಲ.

ಹಳಿಗಳು ಚರ್ಚ್‌ಗೇಟ್‌ನಲ್ಲಿ ನಿಲ್ಲದೆ ದಕ್ಷಿಣಕ್ಕೆ, ಸಮುದ್ರದ ಅಂಚಿನಲ್ಲೇ ಕೊಲಾಬಾದವರೆಗೆ ಸಾಗಿದವು. ಹಲವು ದಶಕಗಳ ಕಾಲ ಈ ಮಾರ್ಗದ ಕೊನೆಯ ನಿಲ್ದಾಣ ಕೊಲಾಬಾವೇ ಆಗಿತ್ತು. 1928ರಲ್ಲಿ ಆರಂಭವಾದ ಹೆಸರಾಂತ ಫ್ರಾಂಟಿಯರ್ ಮೇಲ್ ಕೂಡ ಮೊದಮೊದಲು ಹೊರಡುತ್ತಿದ್ದದ್ದು ಅಲ್ಲಿಂದ. ಆ ದಿನಗಳಲ್ಲಿ ಚರ್ಚ್‌ಗೇಟ್ ಎಂದರೆ ದಾರಿಯ ನಡುವಿನ ಒಂದು ನಿಲ್ದಾಣ, ಅಷ್ಟೇ.

ಈ ಸ್ಥಿತಿಯನ್ನು ಬದಲಿಸಿದ್ದು ರೈಲ್ವೆಯ ಅಗತ್ಯವಲ್ಲ, ನೆಲದ ಹಸಿವು. ಬ್ಯಾಕ್ ಬೇಯ ಸಮುದ್ರವನ್ನು ತುಂಬಿ ಹೊಸ ನೆಲ ಮಾಡುವ ಯೋಜನೆಯನ್ನು ಸರ್ಕಾರ 1920ರ ದಶಕದಲ್ಲಿ ಕೈಗೆತ್ತಿಕೊಂಡಿತು. ಇಂದಿನ ಮರೀನ್ ಡ್ರೈವ್ ಇರುವುದು ಆ ನೆಲದ ಮೇಲೆಯೇ. ಕರಾವಳಿಗೆ ಅಂಟಿಕೊಂಡಿದ್ದ ಕೊಲಾಬಾ ಹಳಿ ಈಗ ಹೊಸ ಬಡಾವಣೆಯ ನಡುವೆ ಹಾದುಹೋಗುವಂತಾಯಿತು. ಕೊನೆಗೆ 1930ರ ಡಿಸೆಂಬರ್ ಅಂತ್ಯದಲ್ಲಿ ಕೊಲಾಬಾ ನಿಲ್ದಾಣವನ್ನು ಮುಚ್ಚಿ, ಚರ್ಚ್‌ಗೇಟ್‌ನಿಂದಾಚೆಯ ಹಳಿಗಳನ್ನು ಕಿತ್ತುಹಾಕಲಾಯಿತು. ಕೊಲಾಬಾ ನಿಲ್ದಾಣವಿದ್ದ ಜಾಗದಲ್ಲಿ ಈಗ ಬಧವಾರ್ ಪಾರ್ಕ್ ಎಂಬ ರೈಲ್ವೆ ಅಧಿಕಾರಿಗಳ ವಸತಿಗೃಹಗಳಿವೆ.

ದೂರದ ಗಾಡಿಗಳೆಂದರೆ ಎಂಜಿನ್ ಬದಲಾವಣೆ, ಬೋಗಿ ತೊಳೆಯುವುದು, ನೀರು ತುಂಬುವುದು, ಪಾರ್ಸೆಲ್ ಏರಿಸಿ ಇಳಿಸುವುದು, ಇವೆಲ್ಲ ಇರುತ್ತವೆ. ಇದಕ್ಕೆ ಬೇಕಾದ ವಿಶಾಲ ಜಾಗ ಚರ್ಚ್‌ಗೇಟ್‌ನಲ್ಲಿ ಇರಲಿಲ್ಲ. ಆದ್ದರಿಂದ ಕ್ಲಾಡ್ ಬ್ಯಾಟ್ಲಿ ವಿನ್ಯಾಸಗೊಳಿಸಿದ ಬಾಂಬೆ ಸೆಂಟ್ರಲ್ ನಿಲ್ದಾಣವನ್ನು ಕಟ್ಟಿ 1930ರ ಡಿಸೆಂಬರ್ 18ರಂದು ತೆರೆದರು. ಊರೂರಿನ ಗಾಡಿಗಳು ಅಲ್ಲಿ ನಿಂತವು, ಲೋಕಲ್‌ಗಳಷ್ಟೇ ಮುಂದೆ ಚರ್ಚ್‌ಗೇಟ್‌ಗೆ ಬಂದವು. ತಾವು ಕಂಡ ವಿಚಿತ್ರಕ್ಕೆ ಕಾರಣ ಈ ಹಂಚಿಕೆಯೇ.

ಈ ಹಂಚಿಕೆ ಸಾಧ್ಯವಾದುದಕ್ಕೆ ವಿದ್ಯುತ್ತೂ ಕಾರಣವೆಂಬುದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಕೊಲಾಬಾ–ಬೊರಿವಲಿ ಮಾರ್ಗದಲ್ಲಿ 1928ರ ಜನವರಿ 5ರಂದು, ಎಂದರೆ ಕೊಲಾಬಾ ಮುಚ್ಚುವುದಕ್ಕೆ ಮೂರು ವರ್ಷ ಮೊದಲೇ, ವಿದ್ಯುತ್ ರೈಲು ಓಡಿತ್ತು. ಉಗಿಬಂಡಿಯಾದರೆ ಹಳಿ ಮುಗಿಯುವಲ್ಲಿ ಎಂಜಿನ್ ಬಿಚ್ಚಿ, ಬೇರೆ ಹಳಿಯ ಮೇಲೆ ಸುತ್ತಿಸಿ, ಗಾಡಿಯ ಇನ್ನೊಂದು ತುದಿಗೆ ಕೂಡಿಸಬೇಕು. ವಿದ್ಯುತ್ ಲೋಕಲ್‌ಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಬಂದ ಗಾಡಿಯ ಬಾಲವೇ ಹೋಗುವ ಗಾಡಿಯ ತಲೆಯಾಗುತ್ತದೆ. ಉಗಿಯ ಕಾಲವೇ ಮುಂದುವರಿದಿದ್ದರೆ, ಹಳಿಗಳನ್ನು ಚರ್ಚ್‌ಗೇಟ್‌ನಲ್ಲಿ ತುಂಡರಿಸುವ ತೀರ್ಮಾನ ರೈಲ್ವೆಗೆ ದುಬಾರಿಯಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಚರ್ಚ್‌ಗೇಟ್ ನಿಲ್ದಾಣದ ಚಿತ್ರವೆಂದು ಗುಮ್ಮಟಗಳಿರುವ ಹಳೆಯ ಕಲ್ಲಿನ ಕಟ್ಟಡವೊಂದನ್ನು ಪುಸ್ತಕದಲ್ಲಿ ನೋಡಿದೆ. ಆದರೆ ಅಲ್ಲಿಗೆ ಹೋದವರು ನಿಲ್ದಾಣ ಸಾದಾ ಕಾಂಕ್ರೀಟ್ ಕಟ್ಟಡ ಎನ್ನುತ್ತಾರೆ. ಯಾವುದು ಸರಿ?
– ಶಿವಮೊಗ್ಗದ ಓದುಗರು

ಉತ್ತರ: ಹೋಗಿ ನೋಡಿದವರ ಮಾತೇ ಸರಿ. ಗುಮ್ಮಟಗಳ ಕಟ್ಟಡ ರಸ್ತೆಯ ಆಚೆ ಬದಿಯಲ್ಲಿರುವ ಪಶ್ಚಿಮ ರೈಲ್ವೆಯ ಪ್ರಧಾನ ಕಚೇರಿ. ವಿಕ್ಟೋರಿಯಾ ಟರ್ಮಿನಸ್ಸನ್ನು (ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ವಿನ್ಯಾಸಗೊಳಿಸಿದ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅವರೇ ಇದನ್ನೂ ರೂಪಿಸಿದರು. 1899ರಲ್ಲಿ ಪೂರ್ಣಗೊಂಡಾಗ ಅದು ಬಿ.ಬಿ. ಅಂಡ್ ಸಿ.ಐ. ಕಚೇರಿಯಾಗಿತ್ತು. ಆ ಸಂಸ್ಥೆ 1951ರ ನವೆಂಬರ್ 5ರಂದು ಇತರ ಕೆಲವು ರೈಲ್ವೆಗಳ ಜೊತೆ ಸೇರಿ ಪಶ್ಚಿಮ ರೈಲ್ವೆಯಾಯಿತು. ನಿಲ್ದಾಣದ ಈಗಿನ ಬಹುಮಹಡಿ ಕಟ್ಟಡ ಸ್ವಾತಂತ್ರ್ಯಾನಂತರದ್ದು. ನೋಟಕ್ಕೆ ಅದು ಕಚೇರಿಯಂತಿದೆ, ಕಚೇರಿ ಕಟ್ಟಡವೇ ನಿಲ್ದಾಣದಂತಿದೆ, ಗೊಂದಲ ಸಹಜವೇ.

ಪ್ರಶ್ನೆ: ಚರ್ಚ್‌ಗೇಟ್‌ನಲ್ಲಿ ಪ್ಲಾಟ್‌ಫಾರ್ಮ್‌ಗಳು ನಾಲ್ಕೇ ಎಂದು ಕೇಳಿದೆ. ಇಷ್ಟರಲ್ಲಿ ಅಷ್ಟೊಂದು ಗಾಡಿಗಳು ಹೇಗೆ ಸಾಗುತ್ತವೆ? ಬೆಂಗಳೂರಿನಿಂದ ಬರುವವರು ಈ ಸೇವೆಯನ್ನು ಬಳಸಬೇಕಾದರೆ ಏನು ತಿಳಿದಿರಬೇಕು?
– ಬೆಂಗಳೂರಿನ ಓದುಗರು

ಉತ್ತರ: ಹೌದು, ನಾಲ್ಕೇ. ಪಶ್ಚಿಮ ರೈಲ್ವೆ ತನ್ನ ಉಪನಗರ ಮಾರ್ಗದಲ್ಲಿ ದಿನಕ್ಕೆ 1,400ರ ಆಸುಪಾಸಿನಲ್ಲಿ ಲೋಕಲ್ ಸೇವೆಗಳನ್ನು ನಡೆಸುತ್ತದೆ. ಅವೆಲ್ಲವೂ ಚರ್ಚ್‌ಗೇಟ್ ಮುಟ್ಟುವುದಿಲ್ಲ, ಕೆಲವು ದಾದರ್, ಬಾಂದ್ರಾ, ಅಂಧೇರಿಗಳಿಂದಲೇ ಹಿಂತಿರುಗುತ್ತವೆ. ಆದರೂ ದಟ್ಟಣೆಯ ಹೊತ್ತಿನಲ್ಲಿ ಚರ್ಚ್‌ಗೇಟ್‌ಗೆ ಬಂದ ಗಾಡಿ ಕೆಲವೇ ನಿಮಿಷಗಳಲ್ಲಿ ಜಾಗ ಖಾಲಿ ಮಾಡದಿದ್ದರೆ ಹಿಂದಿನ ಗಾಡಿಗಳು ಮರೀನ್ ಲೈನ್ಸ್, ಚರ್ನಿ ರೋಡ್‌ಗಳವರೆಗೆ ಸಾಲುಗಟ್ಟುತ್ತವೆ. ಒಂದು ಗಾಡಿ ತಡವಾದುದರ ಪೆಟ್ಟು ವಿರಾರ್‌ನವರೆಗೂ ಮುಟ್ಟುವುದಕ್ಕೆ ಇದೇ ಕಾರಣ. ಹಳಿ ಮುಗಿಯುವ ನಿಲ್ದಾಣಕ್ಕೆ ಇನ್ನೊಂದು ಅಪಾಯವೂ ಉಂಟು: 2015ರ ಜೂನ್ 28ರಂದು ಲೋಕಲ್ ಒಂದು ನಿಲ್ಲಬೇಕಾದಲ್ಲಿ ನಿಲ್ಲದೆ ತಡೆಗಂಬವನ್ನು ಗುದ್ದಿ ಪ್ಲಾಟ್‌ಫಾರ್ಮ್ ಮೇಲೆಯೇ ಏರಿತ್ತು.

ಬಂದ ಗಾಡಿಯೇ ಹಿಂತಿರುಗಿ ಹೊರಡುವುದರ ಲಾಭವನ್ನು ಪ್ರಯಾಣಿಕರೂ ಪಡೆಯುತ್ತಾರೆ. ಸಂಜೆ ಮನೆಗೆ ಹೊರಟವರಲ್ಲಿ ಕೆಲವರು ಮರೀನ್ ಲೈನ್ಸ್‌ನಲ್ಲಿ ಚರ್ಚ್‌ಗೇಟ್ ಕಡೆಯ ಗಾಡಿಯನ್ನೇ ಹತ್ತಿ, ಅಲ್ಲಿ ಇಳಿಯದೆ ಹಿಡಿದ ಸೀಟಿನಲ್ಲೇ ಕುಳಿತು ಉತ್ತರಕ್ಕೆ ಮರಳುತ್ತಾರೆ. ಆ ಹೆಚ್ಚುವರಿ ದೂರಕ್ಕೂ ಟಿಕೆಟ್ ಅಥವಾ ಪಾಸ್ ಇರಬೇಕು. ಇಲ್ಲದಿದ್ದರೆ ದಂಡ ತೆರಬೇಕಾಗುತ್ತದೆ.

ಮುಖ್ಯವಾಗಿ ತಿಳಿಯಬೇಕಾದದ್ದು ಸ್ಲೋ ಮತ್ತು ಫಾಸ್ಟ್ ಎಂಬ ಭೇದ. ಸ್ಲೋ ಗಾಡಿ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ. ಫಾಸ್ಟ್ ಗಾಡಿ ಮುಂಬೈ ಸೆಂಟ್ರಲ್, ದಾದರ್, ಅಂಧೇರಿ, ಬೊರಿವಲಿಯಂಥ ದೊಡ್ಡ ನಿಲ್ದಾಣಗಳಲ್ಲಿ ನಿಂತು ನಡುವಿನ ಹಲವನ್ನು ಬಿಟ್ಟು ಸಾಗುತ್ತದೆ. ಹತ್ತುವ ಮೊದಲು ಇಂಡಿಕೇಟರ್ ಓದಿ: ಅದರಲ್ಲಿ ಸೇರುವ ಊರಿನ ಗುರುತಕ್ಷರ, ಹೊರಡುವ ಸಮಯ, ಸ್ಲೋ ಅಥವಾ ಫಾಸ್ಟ್ ಎಂಬ ಸೂಚನೆ, ಬೋಗಿಗಳ ಸಂಖ್ಯೆ ಇರುತ್ತವೆ. ವಿರಾರ್ ಚರ್ಚ್‌ಗೇಟ್‌ನಿಂದ 60 ಕಿಲೋಮೀಟರ್ ದೂರದಲ್ಲಿದೆ. 2013ರಿಂದ ಉಪನಗರ ಸೇವೆ ಅದರಾಚೆ ಡಹಾಣು ರೋಡ್‌ವರೆಗೂ ವಿಸ್ತರಿಸಿದೆ.

ಬೋಗಿಗಳಲ್ಲಿ ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಮಹಿಳೆಯರ ಬೋಗಿ, ಅಂಗವಿಕಲರ ಬೋಗಿ, ಲಗೇಜ್ ಬೋಗಿ ಎಂಬ ಭಾಗಗಳಿವೆ. ಬೆಳಗಿನ ಕೊನೆಯ ಹೊತ್ತಿಗೆ ಡಬ್ಬಾವಾಲಾಗಳು (ಮನೆಯೂಟವನ್ನು ಕಚೇರಿಗಳಿಗೆ ತಲುಪಿಸುವವರು) ತಟ್ಟೆಗಟ್ಟಲೆ ಡಬ್ಬಿಗಳನ್ನು ತರುವುದು ಲಗೇಜ್ ಬೋಗಿಯಲ್ಲಿ. ಮಹಿಳೆಯರಿಗೇ ಮೀಸಲಾದ ಲೇಡೀಸ್ ಸ್ಪೆಷಲ್ ಗಾಡಿ 1992ರಲ್ಲಿ ಚರ್ಚ್‌ಗೇಟ್–ಬೊರಿವಲಿ ನಡುವೆ ಆರಂಭವಾಯಿತು. ಬಾಗಿಲು ತಾನಾಗಿ ಮುಚ್ಚುವ ಎ.ಸಿ. ಲೋಕಲ್ ಈ ಮಾರ್ಗದಲ್ಲಿ 2017ರ ಡಿಸೆಂಬರ್ 25ರಿಂದ ಓಡುತ್ತಿದೆ. ಅದಕ್ಕೆ ದರ ಬೇರೆ, ಸಾಮಾನ್ಯ ಟಿಕೆಟ್ ಅಥವಾ ಪಾಸ್ ಹಿಡಿದು ಅದನ್ನು ಹತ್ತುವಂತಿಲ್ಲ. ಟಿಕೆಟ್ಟನ್ನು ಕೌಂಟರ್‌ನಲ್ಲಿ, ಯಂತ್ರದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಪಡೆಯಬಹುದು. ಎರಡು ಗಾಡಿ ಬದಲಿಸಿದರೂ ಒಂದೇ ಟಿಕೆಟ್ ಸಾಕು.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಉಪನಗರಗಳ ಕಡೆ ಹೋಗಬೇಕಾಗಿದ್ದರೆ ಕೊನೆಯ ನಿಲ್ದಾಣದವರೆಗೆ ಕುಳಿತು, ಚರ್ಚ್‌ಗೇಟ್‌ಗೆ ನಡೆದು, ಮತ್ತೆ ಉತ್ತರಕ್ಕೆ ಮರಳುವ ಅಗತ್ಯವಿಲ್ಲ. ದಾದರ್‌ನಲ್ಲಿ ಇಳಿದು ಮೇಲ್ಸೇತುವೆ ದಾಟಿದರೆ ಪಶ್ಚಿಮ ರೈಲ್ವೆಯ ಲೋಕಲ್ ಸಿಗುತ್ತದೆ. ಮೊದಲು ಅಲ್ಲಿ ಪಶ್ಚಿಮ ಮತ್ತು ಮಧ್ಯ ರೈಲ್ವೆಗಳೆರಡರ ಪ್ಲಾಟ್‌ಫಾರ್ಮ್‌ಗಳಿಗೆ ಒಂದೇ ಸಂಖ್ಯೆಗಳಿದ್ದು ಹೊಸಬರು ದಾರಿ ತಪ್ಪುತ್ತಿದ್ದರು. 2023ರ ಡಿಸೆಂಬರ್‌ನಿಂದ 1ರಿಂದ 7 ಪಶ್ಚಿಮ ರೈಲ್ವೆಗೆ, 8ರಿಂದ 14 ಮಧ್ಯ ರೈಲ್ವೆಗೆ ಎಂದು ಒಂದೇ ಸಾಲಿನ ಸಂಖ್ಯೆಗಳಾಗಿವೆ. ಭಾನುವಾರವಾದರೆ ಹಿಂದಿನ ದಿನವೇ ಜಂಬೋ ಬ್ಲಾಕ್ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಹಳಿ ಮತ್ತು ತಂತಿಗಳ ದುರಸ್ತಿಗಾಗಿ ಆ ದಿನ ಹಗಲಿನಲ್ಲಿ ಕೆಲವು ಗಂಟೆ ಒಂದು ಜೋಡಿ ಹಳಿಯನ್ನು ಮುಚ್ಚುತ್ತಾರೆ. ಆಗ ಫಾಸ್ಟ್ ಗಾಡಿಗಳೂ ಸ್ಲೋ ಹಳಿಯ ಮೇಲೆ ಓಡುತ್ತವೆ, ಕೆಲವು ಸೇವೆಗಳು ರದ್ದಾಗುತ್ತವೆ.