ಕ್ವೆಸ್ಟ್ 3ಗೆ ವಿಆರ್ ಆ್ಯಪ್ ಮಾಡ್ಲಿಕ್ಕೆ ಒಂದೂವರೆ ಲಕ್ಷದೊಳಗೆ ಎಂಥ ಪಿಸಿ ಕಟ್ಟಿಸ್ಬೇಕು?

ನಿಮ್ಮ ಹತ್ರ ಮೆಟಾದ ವಿಆರ್ ಹೆಡ್‌ಸೆಟ್ ಕ್ವೆಸ್ಟ್ 3 ಉಂಟು, ಮನೆ ಉಡುಪಿ ಹತ್ರ, ಮಾನಿಟರ್ ಬಿಟ್ಟು ಬಜೆಟ್ ಒಂದೂವರೆ ಲಕ್ಷ, 3ಡಿ ಆ್ಯಪ್ ಮಾಡುವ ಯೂನಿಟಿ ಸಾಫ್ಟ್‌ವೇರಲ್ಲಿ ಯಕ್ಷಗಾನದ ಚೌಕಿ (ವೇಷ ಕಟ್ಟುವ ಕೋಣೆ) ಮಾಡ್ಬೇಕು ಅಂತ ಆಸೆ, ಅಂಗಡಿಯವ್ರು ಎನ್ವಿಡಿಯಾದ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5070 ಹಾಕುವ, ರ‍್ಯಾಮ್ 16 ಜಿಬಿ ಸಾಕು ಅಂದಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ಒಪ್ಪಬೇಡಿ. ನಾನು ಮಂಗಳೂರಲ್ಲಿ ಕ್ವೆಸ್ಟ್‌ಗೆ ಟ್ರೈನಿಂಗ್ ಆ್ಯಪ್ ಮಾಡುವ ಸಣ್ಣ ಟೀಮಲ್ಲಿದ್ದೇನೆ, ದಿನಾ ಇದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳ್ತೇನೆ.

ಮೊದಲು ಒಂದು ವಿಷಯ ತೀರ್ಮಾನ ಮಾಡಿ, ನಿಮ್ಮ ಚೌಕಿ ಕೊನೆಗೆ ಓಡುವುದು ಎಲ್ಲಿ? ಜನ ಹೆಡ್‌ಸೆಟ್ ಹಾಕಿ ವಯರ್ ಇಲ್ಲದೆ ನೋಡ್ಬೇಕು ಅಂತಾದ್ರೆ ಅದು ಓಡುವುದು ಕ್ವೆಸ್ಟ್‌ನ ಒಳಗೆ ಇರುವ ಸ್ನಾಪ್‌ಡ್ರ್ಯಾಗನ್ ಚಿಪ್‌ನಲ್ಲಿ, ಅಲ್ಲಿ ಇರೋದು 8 ಜಿಬಿ ಮೆಮೊರಿ, ನಿಮ್ಮ ಪಿಸಿಯಲ್ಲಿ ಎಷ್ಟು ದೊಡ್ಡ ಕಾರ್ಡ್ ಇದ್ರೂ ಅದಕ್ಕೆ ಒಂದು ಫ್ರೇಮ್ ಕೂಡ ಜಾಸ್ತಿ ಸಿಗುವುದಿಲ್ಲ. ಪಿಸಿಗೆ ಸಿಕ್ಕಿಸಿಯೇ ತೋರಿಸುವ ಪಿಸಿವಿಆರ್ ಆದ್ರೆ ಲೆಕ್ಕ ಬೇರೆ, ಕಣ್ಣಿಗೊಂದು 2064 ಗುಣಿಸು 2208 ಪಿಕ್ಸೆಲ್, ಎರಡು ಕಣ್ಣಿಗೆ ಸೇರಿ ಫುಲ್ ಎಚ್‌ಡಿ ಸ್ಕ್ರೀನಿನ ನಾಲ್ಕು ಪಟ್ಟಿಗಿಂತ ಜಾಸ್ತಿ, ಅದನ್ನು 90 ಹರ್ಟ್ಸ್‌ನಲ್ಲಿ ಓಡಿಸ್ಬೇಕಾದ್ರೆ ಒಂದೊಂದು ಫ್ರೇಮಿಗೆ ಸಿಗುವುದು ಬರೀ 11.1 ಮಿಲಿಸೆಕೆಂಡ್. ಅಲ್ಲಿ ಕಾರ್ಡ್ ದೊಡ್ಡದೇ ಬೇಕು. ನೀವು ಬರೆದದ್ದು ನೋಡಿದ್ರೆ ನಿಮ್ಮದು ಮೊದಲನೇ ನಮೂನೆ, ಆದ್ರಿಂದ ಹಣ ಹೋಗ್ಬೇಕಾದ್ದು ಯೂನಿಟಿ ಎಡಿಟರ್ ಬೇಗ ಓಡುವ ಕಡೆಗೆ.

ನಮ್ಮ ದಿನ ಹೋಗುವುದು ಹೇಗೆ ಗೊತ್ತುಂಟಾ, ಸ್ಕ್ರಿಪ್ಟಲ್ಲಿ ಒಂದು ಸಾಲು ಬದಲಾಯಿಸ್ತೇವೆ, ಯೂನಿಟಿ ಕಂಪೈಲ್ ಮಾಡಿ ರಿಲೋಡ್ ಆಗುವವರೆಗೆ ಕಾಯ್ತೇವೆ, ಪ್ಲೇ ಒತ್ತುತ್ತೇವೆ, ಹೆಡ್‌ಸೆಟ್ ಹಾಕ್ತೇವೆ, ತೆಗೀತೇವೆ, ಮತ್ತೆ ಅದೇ. ಆ ರಿಲೋಡ್ ಹೆಚ್ಚಾಗಿ ಒಂದೇ ಕೋರ್ ಮೇಲೆ ನಡೆಯುವಂಥದ್ದು, ಆದ್ರೆ ಕ್ವೆಸ್ಟ್‌ಗೆ ಬಿಲ್ಡ್ ಕೊಡುವಾಗ ಯೂನಿಟಿಯ ಐಎಲ್‌ಟುಸಿಪಿಪಿ ಅನ್ನುವ ಭಾಗ ನಿಮ್ಮ ಕೋಡನ್ನೆಲ್ಲ ಸಿ ಪ್ಲಸ್ ಪ್ಲಸ್ ಮಾಡಿ ಕಂಪೈಲ್ ಮಾಡ್ತದೆ, ಶೇಡರ್‌ಗಳು (ಬಣ್ಣ, ಬೆಳಕಿನ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂಗಳು) ಸಾಲಾಗಿ ಬರ್ತವೆ, ಆಗ ಇದ್ದಬದ್ದ ಕೋರ್‌ಗಳೆಲ್ಲ ಕೆಲಸಕ್ಕೆ ಇಳೀತವೆ. ಎರಡಕ್ಕೂ ಹೊಂದುವುದು ಎಎಂಡಿಯ ಪ್ರೊಸೆಸರ್ ರೈಜನ್ 7 7700, 8 ಕೋರ್, 65 ವ್ಯಾಟ್‌ದು, ಡಬ್ಬಿಯಲ್ಲೇ ಬರುವ ಕೂಲರ್ ನಮ್ಮ ಸೆಕೆಗೂ ಸಾಕಾಗ್ತದೆ. ಬಿ650 ಮದರ್‌ಬೋರ್ಡ್ ಹಾಕಿದ್ರೆ ಮುಂದೆ ಅದೇ ಎಎಂ5 ಸಾಕೆಟ್ಟಿಗೆ ಬೇರೆ ಪ್ರೊಸೆಸರ್ ಕೂರಿಸ್ಬಹುದು.

ರ‍್ಯಾಮ್ 32 ಜಿಬಿ, ಇದ್ರಲ್ಲಿ ಮಾತ್ರ ದಯವಿಟ್ಟು ಹಿಂದೆ ಸರಿಬೇಡಿ. 2025ರ ಕೊನೆಯಿಂದ ರೇಟ್ ವಿಪರೀತ ಏರಿದೆ, ಅಂಗಡಿಯವ್ರು 16 ಅಂದದ್ದೂ ಅದಕ್ಕೇ ಇರ್ಬೇಕು. ಆದ್ರೆ ಯೂನಿಟಿ, ಬ್ಲೆಂಡರ್, ಬ್ರೌಸರ್, ಹೆಡ್‌ಸೆಟ್ಟನ್ನು ಪಿಸಿಗೆ ಜೋಡಿಸುವ ಕ್ವೆಸ್ಟ್ ಲಿಂಕ್ ನಾಲ್ಕೂ ಒಟ್ಟಿಗೆ ತೆರೆದಿಟ್ಟು 16ರಲ್ಲಿ ಕೆಲಸ ಮಾಡುವುದು ಬಹಳ ಕಷ್ಟ ಮಾರಾಯ್ರೆ. ಎರಡು 16ರ ಸ್ಟಿಕ್ ತಗೊಳ್ಳಿ, ನಾಲ್ಕು 8 ಬೇಡ, ಎಎಂ5 ಬೋರ್ಡಲ್ಲಿ ನಾಲ್ಕು ಸ್ಟಿಕ್ ಹಾಕಿದ್ರೆ ಸ್ಪೀಡ್ ಇಳೀತದೆ.

ಈಗ ಕಾರ್ಡ್. ನನ್ನ ಆಯ್ಕೆ ಆರ್‌ಟಿಎಕ್ಸ್ 5060 ಟಿಐ 16 ಜಿಬಿ. 5070 ಇದಕ್ಕಿಂತ ವೇಗದ್ದೇ, ಆದ್ರೆ ಅದ್ರಲ್ಲಿ 12 ಜಿಬಿ, ಮತ್ತೆ ಇದು 180 ವ್ಯಾಟ್ ಆದ್ರೆ ಅದು 250. ನಿಮಗೆ ಮೆಮೊರಿ ಎಂತಕ್ಕೆ ಬೇಕು ಅಂದ್ರೆ, ಕೇದಗೆ ಮುಂದಲೆ, ಭುಜಕೀರ್ತಿ, ಎದೆಕಟ್ಟು ಎಲ್ಲ ಫೋಟೋ ತೆಗೆದು 3ಡಿ ಮಾಡ್ತೇನೆ ಅಂದಿದ್ದೀರಲ್ಲ, ಒಂದು 4ಕೆ ಟೆಕ್ಸ್‌ಚರ್ (3ಡಿ ಮಾದರಿಗೆ ಹೊದಿಸುವ ಚಿತ್ರ) ಕಂಪ್ರೆಸ್ ಮಾಡದೆ ಇಟ್ರೆ 64 ಎಂಬಿ ತಿಂತದೆ, ಒಂದು ವೇಷಕ್ಕೆ ಅಂಥದ್ದು ಎಷ್ಟು ಬರ್ತದೆ ನೀವೇ ಲೆಕ್ಕ ಹಾಕಿ. ಅದೇ ಟೆಕ್ಸ್‌ಚರ್ ಕ್ವೆಸ್ಟ್‌ಗೆ ಕೊಡುವಾಗ ಎಎಸ್‌ಟಿಸಿ ಅನ್ನುವ ಕಂಪ್ರೆಶನ್ನಿನ 6 ಗುಣಿಸು 6 ಸೆಟ್ಟಿಂಗಲ್ಲಿ 7 ಎಂಬಿ ಚಿಲ್ಲರೆಗೆ ಇಳೀತದೆ, ಅದನ್ನು ಈಗ್ಲೇ ಅಭ್ಯಾಸ ಮಾಡ್ಕೊಳ್ಳಿ, ಆಮೇಲೆ ಬಹಳ ಉಪಕಾರ ಆಗ್ತದೆ. ಎನ್ವಿಡಿಯಾನೇ ಯಾಕೆ ಅಂದ್ರೆ ಫೋಟೋದಿಂದ 3ಡಿ ಮಾಡುವ ರಿಯಾಲಿಟಿಸ್ಕ್ಯಾನ್ (ಮೊದಲಿನ ಹೆಸರು ರಿಯಾಲಿಟಿಕ್ಯಾಪ್ಚರ್), ಮೆಶ್‌ರೂಮ್ ಎರಡಕ್ಕೂ CUDA ಅನ್ನುವ ಎನ್ವಿಡಿಯಾದ್ದೇ ತಂತ್ರಜ್ಞಾನಕ್ಕೆ ಸಪೋರ್ಟ್ ಇರುವ ಕಾರ್ಡ್ ಬೇಕು. ಬಿಲ್ ಮಾಡಿಸುವಾಗ ಡಬ್ಬಿ ಮೇಲೆ 16 ಅಂತ ಇದೆಯಾ ನೋಡಿ, ಅದೇ ಹೆಸರಲ್ಲಿ 8 ಜಿಬಿಯದ್ದೂ ಉಂಟು.

ಎಸ್‌ಎಸ್‌ಡಿ ಜೆನ್4 ಎನ್‌ವಿಎಂಇ 1 ಟಿಬಿ, ಸಾಕು. ಲಿಂಕ್ ಕೇಬಲ್ಲನ್ನು ಬೋರ್ಡಿನ ಹಿಂದಿನ ಯುಎಸ್‌ಬಿ 3 ಪೋರ್ಟಿಗೇ ಹಾಕಿ. ವಯರ್ ಇಲ್ಲದೆ ಏರ್ ಲಿಂಕ್ ಬೇಕಾದ್ರೆ ಪಿಸಿಯಿಂದ ರೂಟರಿಗೆ ಲ್ಯಾನ್ ಕೇಬಲ್, ರೂಟರಿಂದ ಹೆಡ್‌ಸೆಟ್ಟಿಗೆ 5 ಗಿಗಾಹರ್ಟ್ಸ್ ವೈಫೈ, ಅದೂ ಅದೇ ಕೋಣೆಯಲ್ಲಿ. ಇದಕ್ಕೆ ಇಂಟರ್ನೆಟ್ ಪ್ಲಾನ್ ಏರಿಸುವ ಅಗತ್ಯ ಇಲ್ಲ, ವಿಡಿಯೋ ಹೋಗುವುದು ಮನೆಯೊಳಗಿನ ನೆಟ್‌ವರ್ಕಲ್ಲೇ.

ಕರೆಂಟಿನ ಬಗ್ಗೆ ನೀವು ಒಂದಕ್ಷರ ಕೇಳಿಲ್ಲ, ನನಗೆ ಇದೇ ಮುಖ್ಯ ಅನಿಸೋದು. ನಮ್ಮೂರಲ್ಲಿ ಜೂನ್ ಶುರುವಾದ್ರೆ ತೆಂಗಿನ ಮಡಲು ಲೈನ್ ಮೇಲೆ ಬಿದ್ದು ಕರೆಂಟ್ ಹೋಗುವುದು, ಬರುವುದು, ಮತ್ತೆ ಹೋಗುವುದು ಇದ್ದದ್ದೇ. ಯೂನಿಟಿ ಅಸೆಟ್ ಇಂಪೋರ್ಟ್ ಮಾಡ್ತಾ ಇರುವಾಗ ಪಿಸಿ ಆಫ್ ಆಯ್ತು ಅಂದ್ರೆ ಯೂನಿಟಿ ತಾನೇ ಮಾಡಿಡುವ ಲೈಬ್ರರಿ ಫೋಲ್ಡರ್ ಹಾಳಾಗಬಹುದು, ಆಗ ಅದನ್ನು ಡಿಲೀಟ್ ಮಾಡಿ ಪ್ರಾಜೆಕ್ಟ್ ಪೂರ್ತಿ ಮತ್ತೆ ಇಂಪೋರ್ಟ್ ಮಾಡಿಸ್ಬೇಕು, ನಿಮ್ಮ ಹಾಗೆ ದೊಡ್ಡ ಟೆಕ್ಸ್‌ಚರ್ ಇರುವವ್ರಿಗೆ ಅರ್ಧ ದಿನದ ಕೆಲಸ ಅಲ್ಲಿಗೇ ಹೋಯ್ತು. ಆದ್ರಿಂದ ಬಜೆಟ್ಟಲ್ಲೇ ಒಂದು ಯುಪಿಎಸ್ ಸೇರಿಸಿ, 1000 ವಿಎ, ಪ್ಯೂರ್ ಸೈನ್‌ವೇವ್ ಅಂತ ಕೇಳಿಯೇ ತಗೊಳ್ಳಿ, ಒಳ್ಳೆ ಪವರ್ ಸಪ್ಲೈಗಳು ಕಡಿಮೆ ಬೆಲೆಯ ಯುಪಿಎಸ್ಸಿನ ಕರೆಂಟಿಗೆ ಕೆಲವೊಮ್ಮೆ ಆಫ್ ಆಗ್ತವೆ. ಪವರ್ ಸಪ್ಲೈ 650 ವ್ಯಾಟ್ ಗೋಲ್ಡ್. ಅರ್ಥಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಶಿಯನ್ ಕರೆಸಿ ನೋಡಿಸಿ. ಏಪ್ರಿಲ್, ಮೇ ಮತ್ತೆ ಅಕ್ಟೋಬರಲ್ಲಿ ಸಂಜೆ ಗುಡುಗು ಶುರುವಾದ್ರೆ ಪ್ಲಗ್ ಮಾತ್ರ ಅಲ್ಲ, ಲ್ಯಾನ್ ವಯರನ್ನೂ ಎಳೆದಿಡಿ. ಮರದಿಂದ ಮರಕ್ಕೆ ಕಟ್ಟಿದ ಕೇಬಲ್ ಇಂಟರ್ನೆಟ್ ಇದ್ದ ಮನೆಗಳಲ್ಲಿ ಸಿಡಿಲು ಆ ವಯರಲ್ಲೇ ಬಂದು ಬೋರ್ಡ್ ಹೋದದ್ದು ಸುಮಾರು ಕಂಡಿದ್ದೇನೆ.

ಮತ್ತೆ ಹೆಡ್‌ಸೆಟ್, ಮಳೆಗಾಲದಲ್ಲಿ ಅದರ ಲೆನ್ಸಿಗೆ ಬೂಸ್ಟು ಬರ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಿಸಿಲು ಬೀಳುವ ಕಿಟಕಿ ಹತ್ರ ಲೆನ್ಸ್ ಮೇಲೆ ಮಾಡಿ ಇಡ್ಲೇಬೇಡಿ, ಒಳಗಿನ ಡಿಸ್‌ಪ್ಲೇ ಸುಟ್ಟು ಹೋಗ್ತದೆ.

ಕೊಟೇಶನ್ ಒಂದೂವರೆ ದಾಟಿದ್ರೆ ಮೊದಲು ಪ್ರೊಸೆಸರ್ ಇಳಿಸಿ, 7600 ಆದ್ರೂ ನಡೀತದೆ. ಆಮೇಲೂ ದಾಟಿದ್ರೆ ಕಾರ್ಡ್, 3060 12 ಜಿಬಿ ಸಿಕ್ಕಿದ್ರೆ ಲಿಂಕಲ್ಲಿ ಪ್ರಿವ್ಯೂ ನೋಡ್ಲಿಕ್ಕೆ ಅದು ಸಾಕು. ರ‍್ಯಾಮಿಗೆ, ಯುಪಿಎಸ್ಸಿಗೆ ಕೈ ಹಾಕ್ಬೇಡಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕಡಿಮೆಗೆ ಸಿಗ್ತದೆ ಅಂತ ಅಲ್ಲಿಂದ ತರಿಸುವುದಾದ್ರೆ ಪಾರ್ಟ್ಸ್ ಬಿಡಿಬಿಡಿಯಾಗಿ, ಅದರ ಡಬ್ಬಿಯಲ್ಲೇ, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲಿನೊಟ್ಟಿಗೆ ತರಿಸಿ ಇಲ್ಲೇ ಜೋಡಿಸಿ. ಜೋಡಿಸಿದ ಕ್ಯಾಬಿನೆಟ್ಟನ್ನು ರಾತ್ರಿ ಬಸ್ಸಿಗೆ ಹಾಕಿದ್ರೆ ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಕಾರ್ಡಿನ ಭಾರಕ್ಕೆ ಸ್ಲಾಟೇ ಬಗ್ಗಬಹುದು.