ಜರ್ಮನಿಯಲ್ಲಿ ಪಾಯ ತೋಡುವಾಗ ಹಳೆಯ ಬಾಂಬ್ ಸಿಕ್ಕರೆ ತೆಗೆಯುವ ಹೊಣೆ ಯಾರದು?

ಎರಡನೇ ಮಹಾಯುದ್ಧದ ಸಿಡಿಯದ ಬಾಂಬ್ ಸಿಕ್ಕಾಗ ಅದನ್ನು ನಿಷ್ಕ್ರಿಯಗೊಳಿಸುವ ಹೊಣೆ ಜಾಗದ ಮಾಲೀಕನದೂ ಅಲ್ಲ, ಗುತ್ತಿಗೆದಾರನದೂ ಅಲ್ಲ. ಜರ್ಮನಿಯಲ್ಲಿ ಸಾರ್ವಜನಿಕ ಸುರಕ್ಷತೆ ರಾಜ್ಯಗಳ ವಿಷಯವಾದ್ದರಿಂದ ಆಯಾ ರಾಜ್ಯದ ಮದ್ದುಗುಂಡು ವಿಲೇವಾರಿ ದಳ ಅಥವಾ ರಾಜ್ಯವು ನೇಮಿಸಿದ ತಜ್ಞರು ಆ ಕೆಲಸ ಮಾಡುತ್ತಾರೆ. ಕೆಲಸಗಾರರು ಯಂತ್ರ ನಿಲ್ಲಿಸಿ, ಏನನ್ನೂ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ಸುತ್ತಲಿನ ಜನರನ್ನು ತೆರವುಗೊಳಿಸುವುದು ಸ್ಥಳೀಯ ಆಡಳಿತದ ಪಾಲಿನದು. 2017ರ ಆಗಸ್ಟ್ ಕೊನೆಯಲ್ಲಿ ಫ್ರಾಂಕ್‌ಫರ್ಟ್‌ನ ನಿರ್ಮಾಣ ಸ್ಥಳವೊಂದರಲ್ಲಿ 1.4 ಟನ್ ಸ್ಫೋಟಕ ತುಂಬಿದ್ದ ಬ್ರಿಟಿಷ್ ಬಾಂಬ್ ಸಿಕ್ಕಾಗ 60 ಸಾವಿರಕ್ಕೂ ಹೆಚ್ಚು ಜನ ಸೆಪ್ಟೆಂಬರ್ 3ರ ಭಾನುವಾರ ಮನೆ ಬಿಟ್ಟು ಹೋಗಬೇಕಾಯಿತು.

ಖರ್ಚಿನ ಮಾತು ಬೇರೆ. ಹಳೆಯ ಜರ್ಮನ್ ಸೇನೆಯ ಮದ್ದುಗುಂಡಾದರೆ ಕೇಂದ್ರ ಸರ್ಕಾರ, ಮಿತ್ರರಾಷ್ಟ್ರಗಳು ಹಾಕಿದ ಬಾಂಬಾದರೆ ಮುಖ್ಯವಾಗಿ ರಾಜ್ಯ ಎಂಬುದು ಬಹುಕಾಲದ ಪದ್ಧತಿ. ಆದರೆ ಪಾಯ ತೋಡುವ ಮೊದಲು, ಯುದ್ಧಕಾಲದ ವೈಮಾನಿಕ ಛಾಯಾಚಿತ್ರಗಳನ್ನು ನೋಡಿಸಿ ನೆಲವನ್ನು ಪರೀಕ್ಷಿಸುವ ಖರ್ಚು ಹಲವು ರಾಜ್ಯಗಳಲ್ಲಿ ಮಾಲೀಕನ ಮೇಲೆಯೇ ಬೀಳುತ್ತದೆ.

ಈ ಪರೀಕ್ಷೆಯಲ್ಲಿ ಹಣ ಉಳಿಸಲು ಹೋಗಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕೆಲವು ಬಾಂಬ್‌ಗಳಲ್ಲಿ ರಾಸಾಯನಿಕ ಫ್ಯೂಸ್ (ಬಾಂಬನ್ನು ಸಿಡಿಸುವ ಸಾಧನ) ಇರುತ್ತದೆ: ಗಾಜಿನ ಶೀಶೆ ಒಡೆದು ಹೊರಬಂದ ಅಸಿಟೋನ್, ಸಿಡಿಮೊಳೆಯನ್ನು ತಡೆದಿಟ್ಟಿರುವ ಸೆಲ್ಯುಲಾಯ್ಡ್ ಬಿಲ್ಲೆಯನ್ನು ಕರಗಿಸುತ್ತದೆ, ಪೂರ್ತಿ ಕರಗದೆ ಉಳಿದ ಬಿಲ್ಲೆ ದಶಕಗಟ್ಟಲೆ ಜೀರ್ಣವಾಗುತ್ತಾ ಯಾವಾಗ ಬೇಕಾದರೂ ಕೈಕೊಡಬಹುದು. 2010ರ ಜೂನ್ 1ರಂದು ಗಟ್ಟಿಂಗನ್ ನಗರದಲ್ಲಿ ಇಂಥದ್ದೇ ಬಾಂಬ್ ಸಿಡಿದು, ವರ್ಷಗಳ ಅನುಭವವಿದ್ದ ಮೂವರು ವಿಲೇವಾರಿ ತಜ್ಞರು ಪ್ರಾಣ ಕಳೆದುಕೊಂಡರು.